ಡೈರೆಕ್ಟರ್ ಮೇಸ್ತ್ರಿ

ರಟ್ಟಿನ ಡಬ್ಬಿ ಮಾಡುವ ಆ ಕಾರ್ಖಾನೆಯಲ್ಲಿ ಮೇಸ್ತ್ರಿ ಅಂದರೆ ಒಬ್ಬನೇ. ಅಂಟಿನ ಹದ, ಕಾಗದದ ಸುರುಳಿಯ ಬಿಗಿ, ಹಳೇ ಯಂತ್ರದ ಹಟ, ಎಲ್ಲವೂ ಅವನ ಹತೋಟಿಯಲ್ಲಿದ್ದವು. ಕೆಲಸದಲ್ಲಿ ಹುಲಿ. ಆದರೆ ಯಾರಾದರೂ ಸ್ವಲ್ಪ ಮರ್ಯಾದೆ ಕೊಟ್ಟರೆ ಸಾಕು, ಪುಣ್ಯಾತ್ಮ ಬೆಣ್ಣೆಯಂತೆ ಕರಗಿಬಿಡುತ್ತಿದ್ದ.

ಧಣಿಗೆ ಇದು ಗೊತ್ತಿತ್ತು. ಧಣಿಯ ತಮ್ಮ ಜಗಳವಾಡಿ ಕಂಪನಿ ಬಿಟ್ಟ ವರ್ಷ, ಕಾಗದಪತ್ರಕ್ಕೆ ಇನ್ನೊಂದು ಹೆಸರು ಬೇಕಾಯಿತು. ಮೇಸ್ತ್ರಿಯನ್ನು ಮಹಡಿಗೆ ಕರೆಸಿದ.

“ಇವತ್ತಿಂದ ನೀನೂ ಡೈರೆಕ್ಟರ್ ಕಣಯ್ಯ. ಇಲ್ಲೊಂದು ಸಹಿ ಹಾಕು.”

ಅಲ್ಲಿ ಒಂದು ಪದ್ಧತಿಯಿತ್ತು. ಧಣಿ ಕೊಟ್ಟ ಕಾಗದಕ್ಕೆ ನಿಂತ ಕಾಲಲ್ಲೇ ಸಹಿ ಹಾಕಬೇಕು. ಓದಲು ಹೋದರೆ ಧಣಿಯನ್ನು ಮುಖದೆದುರೇ ಕಳ್ಳ ಅಂದಂತೆ. ಮೇಸ್ತ್ರಿ ಅಂಟು ಮೆತ್ತಿದ ಕೈ ಒರೆಸಿಕೊಂಡು ಸಹಿ ಹಾಕಿದ. ಸಂಬಳ ಒಂದು ಕಾಸೂ ಏರಲಿಲ್ಲ. ಯಂತ್ರದ ಪಕ್ಕಕ್ಕೆ ಒಂದು ತಿರುಗುವ ಕುರ್ಚಿ ಬಂತು, ಅಷ್ಟೆ. ಅವನ ಹೆಂಡತಿ ಮಾತ್ರ “ನಮ್ಮನೆಯವರು ಈಗ ಡೈರೆಕ್ಟರ್” ಎಂದು ಬೀದಿಗೆಲ್ಲ ಸಾರಿದಳು. ಕೆಲಸದವರು ‘ಡೈರೆಕ್ಟರ್ ಮೇಸ್ತ್ರಿ’ ಎಂದು ರೇಗಿಸಿ, ಆಮೇಲೆ ಮರೆತೇಬಿಟ್ಟರು. ಮೇಸ್ತ್ರಿಯೂ ಮರೆತ.

ಕಾರ್ಖಾನೆ ಮುಳುಗಿದಾಗ ಎಲ್ಲರ ಸಂಬಳ ತಿಂಗಳುಗಟ್ಟಲೆ ಬಾಕಿಯಿತ್ತು. ಧಣಿ ರಾತ್ರೋರಾತ್ರಿ ಮಾಯ. ಮುಂದಾಳಾಗಿ ಓಡಾಡಿದವನು ಮೇಸ್ತ್ರಿಯೇ. ಅಳುವವರನ್ನು ಗದರಿ, ಕೈಚೆಲ್ಲಿದವರನ್ನು ಹುರಿದುಂಬಿಸಿ, ಎಲ್ಲರನ್ನೂ ವಕೀಲರಮ್ಮನ ಕಚೇರಿಗೆ ಕರೆದುಕೊಂಡು ಹೋದ. ಅವನೇ ಕೆಲಸಕ್ಕೆ ಸೇರಿಸಿದ್ದ ಭಾವಮೈದುನ ಪಕ್ಕದಲ್ಲಿ ಕೂತ.

“ಕಂಪನಿ ದಿವಾಳಿ ಅಂತ ಕೋರ್ಟು ಒಪ್ಪಿದೆ. ಆಸ್ತಿ ಮಾರಿ ಹಂಚೋಕೆ ಒಬ್ಬ ಅಧಿಕಾರೀನ ಹಾಕಿದೆ,” ಅಂದರು ವಕೀಲರಮ್ಮ. “ಬಾಕಿ ಸಂಬಳಕ್ಕೆ ಅವರ ಹತ್ರ ಎಲ್ಲರೂ ಅರ್ಜಿ ಹಾಕಿ. ಗಡುವು ದಾಟಿದ್ರೆ ಕಷ್ಟ.”

“ದುಡ್ಡು ಸಿಗುತ್ತಾ ಮೇಡಂ?” ಮೇಸ್ತ್ರಿ ಕೇಳಿದ.

“ಮಾರೋಕೆ ಏನಿದೆ ಅಲ್ಲಿ? ಜಾಗ ಬಾಡಿಗೇದು, ಯಂತ್ರ ಗುಜರಿಗೆ. ಅಲ್ಪಸ್ವಲ್ಪ ಬರಬಹುದು. ಆದ್ರೆ ಇನ್ನೊಂದು ದಾರಿ ಇದೆ. ನಿಮ್ಮ ಸಂಬಳದಲ್ಲಿ ಪಿ.ಎಫ್. ಮುರ್ಕೊಂಡು ಕಟ್ಟೇ ಇಲ್ಲ. ಅದಕ್ಕೆ ಡೈರೆಕ್ಟರುಗಳನ್ನೇ ಹಿಡೀಬಹುದು. ಅವರ ಸ್ವಂತ ಮನೆ ಜಪ್ತಿ ಮಾಡಿಸೋಕೆ ನೋಡೋಣ.”

“ಮಾಡ್ಸಿ ಮೇಡಂ. ಬಿಡಬೇಡಿ ಆ ಕಳ್ಳರನ್ನ,” ಅಂದ ಮೇಸ್ತ್ರಿ. ಎಲ್ಲರೂ ತಲೆದೂಗಿದರು.

ವಕೀಲರಮ್ಮ ಕಂಪ್ಯೂಟರ್ ಕಡೆ ತಿರುಗಿದರು. “ನಿಮ್ಮ ಧಣಿ ಮನೆ, ಕಾರು ಎಲ್ಲಾ ಯಾವತ್ತೋ ಹೆಂಡತಿ ಹೆಸರಿಗೆ ಮಾಡಿಟ್ಟಿದ್ದಾನೆ. ಎರಡನೇ ಡೈರೆಕ್ಟರು ಯಾರಿದು?” ಎಂದು ಒಂದು ಹೆಸರು ಓದಿದರು. ಆ ಹೆಸರು ಹಿಡಿದು ಯಾರಾದರೂ ಅವನನ್ನು ಕರೆದು ಎಷ್ಟು ಕಾಲವಾಗಿತ್ತೆಂದರೆ, ಅದು ತನ್ನದೇ ಎಂದು ಮೇಸ್ತ್ರಿಗೆ ಹೊಳೆಯಲು ಒಂದು ಗಳಿಗೆ ಹಿಡಿಯಿತು.

“ಅದು ಸುಮ್ನೆ ಹೆಸರಿಗೆ ಮೇಡಂ. ನಾನು ಅಂಟು ಕಲಸೋನು.”

“ಸಹಿ ನಿಮ್ದೇ ತಾನೆ?”

“ನಂದೇ.”

“ಹಾಗಾದ್ರೆ ನೀವು ಎದುರು ಪಾರ್ಟಿ. ಹೆಸರಿಗಷ್ಟೇ ಇದ್ದೆ ಅಂತ ಬೇರೆ ವಕೀಲರನ್ನ ಇಟ್ಟು ವಾದ ಮಾಡಿಸ್ಕೊಳ್ಳಿ. ಈಗ ಸ್ವಲ್ಪ ಹೊರಗೆ ಕೂತಿರಿ.”

ಮೇಸ್ತ್ರಿ ಎದ್ದು ನಿಂತ. ಯಾರಾದರೂ ಒಬ್ಬರು ‘ಅವರು ಅಂಥವರಲ್ಲ’ ಅನ್ನಲಿ ಎಂದು ಕಾದ. ಇವರಿಗೆಲ್ಲ ಕೈ ಹಿಡಿದು ಕೆಲಸ ಕಲಿಸಿದವನು ಅವನು. ಎಲ್ಲರಿಗೂ ನೆಲದ ಮೇಲೆ ಏನೋ ನೋಡುವುದಿತ್ತು. ಕೊನೆಗೆ ಬಾಯಿಬಿಟ್ಟವನು ಭಾವಮೈದುನ.

“ಮನೆ ಭಾವನ ಹೆಸರಲ್ಲೇ ಇದೆ ಮೇಡಂ. ಸಾಲಾನೂ ತೀರಿದೆ. ರಿಜಿಸ್ಟ್ರಿ ದಿನ ಸಾಕ್ಷಿ ಸಹಿ ಹಾಕಿದ್ದು ನಾನೇ.”

ಹೊರಗಿನ ಬೆಂಚಿನ ಮೇಲೆ ಕೂತ ಮೇಸ್ತ್ರಿಗೆ ಒಳಗಿನ ಮಾತು ಕೇಳುತ್ತಿತ್ತು. ಕೋಣೆ ಎಷ್ಟು, ಮಹಡಿ ಕಟ್ಟಬಹುದಾ, ಎಷ್ಟಕ್ಕೆ ಹೋದೀತು. ಭಾವಮೈದುನ ಬಚ್ಚಲುಮನೆಯನ್ನೂ ಬಿಡದೆ ಹೇಳುತ್ತಿದ್ದ.

ಸಂಜೆ ಮೇಸ್ತ್ರಿ ಹೆಂಡತಿಗೆ ಎಲ್ಲ ಹೇಳಿಕೊಂಡ. ನಾಚಿಕೆಯೋ ಸಂಕಟವೋ, ಎರಡೂ ಇದ್ದವು.

“ನಿಮ್ಮ ಮೇಲಿನ ಅರ್ಜಿಗೆ ನನ್ನ ತಮ್ಮನೂ ಸಹಿ ಹಾಕಿದ್ನಾ?” ಅವಳು ಕೇಳಿದಳು.

“ಅವನೇ ಮೊದಲು.”

ತಮ್ಮನಿಗೆ ಹಿಡಿಶಾಪ ಹಾಕುತ್ತಾಳೆ ಎಂದು ಕಾದ. ಅವಳು ಗೋಡೆಗೊರಗಿ ಬೆರಳು ಮಡಚಿ ಲೆಕ್ಕ ಹಾಕಿದಳು.

“ಹೋಗೋ ಮನೆ ಹೇಗೂ ಹೋಗುತ್ತೆ. ಅವನ ಪಾಲಿಗಾದ್ರೂ ನಾಲ್ಕು ಕಾಸು ಬರಲಿ ಬಿಡ್ರೀ. ನಾಳೆ ನಾನು ಹೋಗಿ ಇರೋದು ಅವನ ಮನೇಲೇ ತಾನೆ?”

“ಮತ್ತೆ ನಾನು?”

“ಅವನ ಎದುರು ಕೇಸಲ್ಲಿ ನಿಂತೋರನ್ನ ಅವನು ಮನೆಗೆ ಸೇರಿಸ್ತಾನಾ?” ಅಂದು, ಅವಳು ಒಳಗೆ ಹೋಗಿ ತನ್ನ ಬಟ್ಟೆಗಳನ್ನು ಬೇರೆ ಮಾಡತೊಡಗಿದಳು.