ಲೇಬಲ್ಲಿಲ್ಲದ ಬಟ್ಟಲು

ಅವರನ್ನು ಬೀದಿಯಲ್ಲಿ ಕಂಡವರು ಮೊದಲು ನೋಡುವುದು ಮುಖವನ್ನಲ್ಲ, ಮಂಡಿಯನ್ನು. "ನೋವು ಹೇಗಿದೆ ಸಾರ್ ಈಗ?" ಎಂದು ತರಕಾರಿಯವಳು ವಿಚಾರಿಸುತ್ತಾಳೆ. "ಆ ಎಣ್ಣೆ ನಿಜವಾಗ್ಲೂ ಕೆಲಸ ಮಾಡುತ್ತಾ?" ಎಂದು ಬಸ್ಸಿನ ಕಂಡಕ್ಟರ್ ಟಿಕೆಟ್ ಹರಿಯುವುದನ್ನೇ ಮರೆಯುತ್ತಾನೆ. ಐವತ್ತೆಂಟರ ಆ ನಟನ ಮಂಡಿಗಳು ಗಟ್ಟಿಮುಟ್ಟಾಗಿವೆ. ನೋವಿದ್ದದ್ದು ಬೇರೆ ಕಡೆ.

ಇಪ್ಪತ್ತರಲ್ಲಿ ರಂಗ ಹತ್ತಿದ್ದು ಈಟಿ ಹಿಡಿದ ಕಾವಲುಗಾರನಾಗಿ. ನಾಟಕಗಳು ಬದಲಾದವು, ಈಟಿ ಬದಲಾಗಲಿಲ್ಲ. ನಡುವಯಸ್ಸಿನಲ್ಲಿ ಟಿವಿ ಧಾರಾವಾಹಿಯೊಂದರ ನಾಯಕಿಗೆ ಅಪ್ಪನಾದರು. ಇನ್ನೂರನೇ ಕಂತಿನಲ್ಲಿ ಅಪ್ಪ ತೀರಿಕೊಂಡ. ಗೋಡೆಯ ಮೇಲಿನ ಅವನ ಫೋಟೋ ಇನ್ನೂ ಮೂರು ವರ್ಷ ನಟಿಸಿತು.

"ಸತ್ತ ಮೇಲೆ ನಿಮ್ಮ ಅಭಿನಯ ಎಷ್ಟೋ ಸುಧಾರಿಸಿದೆ ಕಣ್ರೀ," ಎಂದಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹೆಂಡತಿ.

ಆಮೇಲೆ ಬಂದದ್ದು ಮಂಡಿನೋವಿನ ಎಣ್ಣೆಯ ಜಾಹೀರಾತು. ಸೀಸೆಯ ಲೇಬಲ್ ಕ್ಯಾಮೆರಾ ಕಡೆಗಿರಬೇಕು, ಬೆರಳು ಹೆಸರನ್ನು ಮುಚ್ಚಬಾರದು, ಎತ್ತಿದ ಕೂಡಲೇ ನಗಬೇಕು. ನಲವತ್ತೊಂದು ಟೇಕಿನಲ್ಲಿ ಕಲಿತ ವಿದ್ಯೆ ಕೈಗೆ ಅಂಟಿಕೊಂಡುಬಿಟ್ಟಿತು. ಮನೆಯಲ್ಲಿ ನೀರಿನ ಲೋಟವನ್ನೂ ಎದುರಿನ ಗೋಡೆಗೆ ತೋರಿಸಿ, ನಕ್ಕು, ಆಮೇಲೆ ಕುಡಿಯುತ್ತಿದ್ದರು.

ಅಂಥವರಿಗೆ ಮೂವತ್ತೆಂಟು ವರ್ಷ ಕಾದ ಮೇಲೆ ಮೊದಲ ಬಾರಿ ನಾಯಕನ ಪಾತ್ರ ಸಿಕ್ಕಿತು: ಕೊನೆಯ ದೃಶ್ಯದಲ್ಲಿ ವಿಷ ಕುಡಿಯುವ ಮುದಿ ರಾಜ. ತಾಲೀಮಿನಲ್ಲಿ ಮಾತೆಲ್ಲ ನೀರು ಕುಡಿದಷ್ಟು ಸಲೀಸಾಗಿ ಬಂತು. ಕುಡಿಯುವುದೇ ಬರಲಿಲ್ಲ. ವಿಷದ ಬಟ್ಟಲನ್ನು ಎತ್ತಿದವರೇ ಖಾಲಿ ಕುರ್ಚಿಗಳ ಕಡೆ ತಿರುಗಿಸಿ, ಬೆರಳು ಬಿಡಿಸಿ ಹಿಡಿದು, ಹಲ್ಲು ಬಿಟ್ಟರು.

"ಏನಯ್ಯಾ, ವಿಷ ಕುಡೀತಿದೀಯೋ, ಮಾರ್ತಿದೀಯೋ?" ಹಳೆಯ ಗೆಳೆಯನಾದ ನಿರ್ದೇಶಕ ತಲೆ ಚಚ್ಚಿಕೊಂಡ. ಮರುದಿನವೂ ಅದೇ ಹಾಡು. "ನೋಡು, ಶುಕ್ರವಾರ ಪ್ರದರ್ಶನ. ಗುರುವಾರದೊಳಗೆ ಸರಿಹೋಗದಿದ್ರೆ ಪಾತ್ರ ಮಂತ್ರಿಗೆ ಕೊಡ್ತೀನಿ. ಬೇಜಾರು ಮಾಡ್ಕೋಬೇಡ."

ಮಂತ್ರಿಯ ಪಾತ್ರದವನು ಆಗಲೇ ಸಿದ್ಧನಿದ್ದ. ರಾಜ ಮಾತಾಡುವಾಗಲೆಲ್ಲ ಅವನ ತುಟಿಯೂ ಅಲುಗುತ್ತಿತ್ತು.

ಸುದ್ದಿ ಕೇಳಿದ ಹೆಂಡತಿ ಅಡುಗೆಮನೆಯ ಸೀಸೆಗಳನ್ನೆಲ್ಲ ನೆನೆಹಾಕಿ ಲೇಬಲ್ ಕೆರೆದು ತೆಗೆದಳು. ಉಪ್ಪು, ಸಕ್ಕರೆ ಅದಲುಬದಲಾದವು, ಅಷ್ಟೇ. ಉಪ್ಪಿನ ಚಹಾವನ್ನೂ ಅವರು ಗೋಡೆಗೆ ತೋರಿಸಿ ನಕ್ಕೇ ಕುಡಿದರು.

ಆಗ ಅವಳು ಎರಡು ಲೋಟ ತಂದಿಟ್ಟಳು. ಎರಡರಲ್ಲೂ ನೀರಿನಂಥದೇ ತಿಳಿ ದ್ರವ.

"ಒಂದರಲ್ಲಿ ನೀರು. ಇನ್ನೊಂದರಲ್ಲಿ ನಮ್ಮಂಗ್ಡೀಲಿರೋ ಎಲ್ಲಕ್ಕಿಂತ ಕಹಿ ಔಷಧಿ. ಯಾವುದು ಅಂತ ಹೇಳಲ್ಲ. ಎತ್ತಿ."

"ಕೊಲ್ತೀಯೇನೇ?"

"ಕಲಿಸ್ತೀನಿ. ದಿನಾ ನೋಡ್ತೀನಲ್ಲಾ, ಕಹಿ ಕುಡಿಯೋರು ಯಾರ ಮುಖಾನೂ ನೋಡಲ್ಲ ರೀ. ಲೋಟದೊಳಗೆ ನೋಡ್ತಾರೆ. ಸುತ್ತ ಜನ ಇದ್ರೂ ಒಬ್ಬರೇ ಆಗ್ಬಿಡ್ತಾರೆ."

ಮೊದಲ ಲೋಟವನ್ನು ನಗುತ್ತ ಎತ್ತಿದರು, ಅದೇ ಔಷಧಿ. ಅರ್ಧ ಗಂಟೆ ಬಾಯಿ ಮುಕ್ಕಳಿಸಿದರು. ಮರುದಿನ ನಗು ಅರ್ಧಕ್ಕೇ ನಿಂತಿತು. ಬುಧವಾರದ ಹೊತ್ತಿಗೆ ಬರೀ ನೀರನ್ನೂ ಇಣುಕಿ ನೋಡದೆ ಮುಟ್ಟುತ್ತಿರಲಿಲ್ಲ. ಗುರುವಾರ ನಿರ್ದೇಶಕ ಕಿರೀಟವನ್ನು ಅವರ ತಲೆಗೇ ಇಟ್ಟ. ಮಂತ್ರಿಯ ತುಟಿ ಅಲುಗುವುದು ನಿಂತಿತ್ತು.

ಶುಕ್ರವಾರ ರಾಜ ರಂಗಕ್ಕೆ ಬಂದೊಡನೆ ಮುಂದಿನ ಸಾಲಿನಿಂದ ಒಂದು ದನಿ: "ಎಣ್ಣೆಯವರು ಬಂದ್ರು!" ಸಭಾಂಗಣವೆಲ್ಲ ನಕ್ಕಿತು. ಅವರು ಬಗ್ಗಿದಾಗ ನಕ್ಕಿತು, ಮಂಡಿಯೂರಿದಾಗ ಇನ್ನೂ ಜೋರಾಗಿ ನಕ್ಕಿತು. ಕೊನೆಗೆ ಬಟ್ಟಲು ಎತ್ತಿದರು. ಮಣಿಕಟ್ಟು ಜನರ ಕಡೆ ತಿರುಗತೊಡಗಿ, ನಡುವೆಯೇ ನಿಂತಿತು. ಅವರು ಬಟ್ಟಲಿನೊಳಗೆ ನೋಡಿದರು. ತುಂಬ ಹೊತ್ತು ನೋಡಿದರು. ನಗು ಸಾಲು ಸಾಲಾಗಿ ಆರಿತು. ಕುಡಿದರು.

ನಾಟಕ ಮುಗಿದ ಮೇಲೆ ಬಣ್ಣದ ಕೋಣೆಗೆ ಕೋಲೂರಿಕೊಂಡು ಒಬ್ಬ ಮುದುಕಿ ಬಂದಳು. ಎಣ್ಣೆಯ ಪ್ರಶ್ನೆಗೆಂದು ಅವರು ಹಳೆಯ ನಗುವನ್ನು ಸಿದ್ಧಮಾಡಿಕೊಂಡರು. ಅವಳು ಅವರ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಳು.

"ಅದನ್ನ ಯಾಕಪ್ಪಾ ಕುಡಿದೆ?"

ಅವರ ಹಿಂದೆ ನಿಂತು ಕಿರೀಟದ ಪಿನ್ನು ಬಿಚ್ಚುತ್ತಿದ್ದ ಹೆಂಡತಿಯೇ ಹೇಳಿದಳು:

"ನಾಳೆನೂ ಕುಡೀತಾರೆ ಅಜ್ಜಿ. ಆರೂವರೆಗೆ ಬನ್ನಿ."