ಮೊದಲ ಸಾಲಿನ ಕಾಕಾ

ಇದರಲ್ಲಿ ಒಂದೆರಡು ವಿವರಗಳನ್ನು ನಾನು ತಪ್ಪಾಗಿ ನೆನೆದಿರಬಹುದು. ಡಾಬಕಾ ಊರಿನ ನನ್ನ ಅತ್ತಿ ಅಂದು ಕಟ್ಟೆಯ ಮೇಲೆ ಕೂತಿದ್ದರೋ ಒಳಗೋ, ಖಾತ್ರಿಯಿಲ್ಲ. ಅವರ ಬೆರಳು ಹೋಗಿ ನಿಂತ ಜಾಗ ಮಾತ್ರ ಚೆನ್ನಾಗಿ ನೆನಪಿದೆ. ನೆನಪಿದೆ ಎಂದುಕೊಂಡಿದ್ದೇನೆ.

ಒಂದು ಬರಗಾಲದ ವರ್ಷ ಅಪ್ಪನ ತಮ್ಮ ಧೂಳಪ್ಪ ಕಾಕಾ ದುಡಿಯಲು ಹೈದರಾಬಾದಿಗೆ ಹೋದ. ತಿರುಗಿ ಬರಲಿಲ್ಲ. ಅವನನ್ನು ಎತ್ತಿ ಆಡಿಸಿದವರು ಅವನ ಅಕ್ಕ, ಅಂದರೆ ನನ್ನ ಅತ್ತಿ. ರೈಲು ಹತ್ತುವ ಮೊದಲು ಭಾಲ್ಕಿಯ ಸ್ಟುಡಿಯೋ ಒಂದರಲ್ಲಿ ಫೋಟೋ ತೆಗೆಸಿಕೊಂಡಿದ್ದನಂತೆ. ತರಲು ಯಾರೂ ಹೋಗಲಿಲ್ಲ. ಅವನ ಬೇರೆ ಫೋಟೋ ಇಲ್ಲ. ಆ ಸ್ಟುಡಿಯೋ ಮುಚ್ಚುವಾಗ ಹಳೆಯ ಫೋಟೋಗಳ ಪೆಟ್ಟಿಗೆ ನನ್ನ ಕೈಗೆ ಬಂತು. ಎಲ್ಲವನ್ನೂ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕಿದೆ.

ಬೀದರಿನಲ್ಲಿ ನನ್ನ ಕೆಲಸವೂ ಚಿತ್ರ ಹುಡುಕುವುದರದ್ದೇ. ಕೇಳಿದ ಚಿತ್ರವನ್ನು ಕಂಪ್ಯೂಟರ್ ಎಷ್ಟನೆಯದಾಗಿ ತಂದು ನಿಲ್ಲಿಸುತ್ತದೆ ಎಂದು ಅಳೆಯುತ್ತೇನೆ. ಸರಿಯಾದದ್ದು ಮೊದಲು ಬಂದರೆ ಪೂರ್ತಿ ಅಂಕ, ಕೆಳಗಿಳಿದಷ್ಟೂ ಕಡಿಮೆ. ಇಪ್ಪತ್ತನೆಯದಾಗಿ ಬಂದ ಸತ್ಯಕ್ಕೆ ಹೆಚ್ಚು ಮರ್ಯಾದೆಯಿಲ್ಲ. ಮದುವೆ ಊಟದ ಕೊನೆಯ ಪಂಕ್ತಿಗೆ ಕೂತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಅಂಕ ಹಾಕಲು, ಸರಿಯಾದದ್ದು ಯಾವುದೆಂದು ಬಲ್ಲ ಒಬ್ಬರು ಬೇಕು. ಕಾಕಾನನ್ನು ಬಲ್ಲವರು ಈಗ ಅತ್ತಿ ಒಬ್ಬರೇ.

ಅಪ್ಪ ಹಿಂದೆ ಹೇಳಿದ್ದಂತೆ ಹರೆಯದ ಗಂಡಸು, ಕೋಲುಮುಖ, ಕೋಟು ಎಂದು ಹುಡುಕಿದೆ. ಇಡೀ ಸ್ಟುಡಿಯೋಗೆ ಇದ್ದದ್ದು ಒಂದೇ ಕೋಟು ಎಂದು ಗೊತ್ತಾದದ್ದು ಆಮೇಲೆ. ಊರು ಬಿಡುವವರೆಲ್ಲ ಅದನ್ನೇ ತೊಟ್ಟು ನಿಂತಿದ್ದರು. ಕಂಪ್ಯೂಟರಿಗೆ ಎಲ್ಲರೂ ಅಣ್ಣತಮ್ಮಂದಿರಂತೆ ಕಂಡರು. ನನಗೂ.

ಬಂದವುಗಳಲ್ಲಿ ಮೊದಲ ಹತ್ತನ್ನು ಲ್ಯಾಪ್‌ಟಾಪಿನಲ್ಲಿ ಸಾಲಾಗಿ ಅತ್ತಿಯ ಮುಂದಿಟ್ಟೆ. ಬೆರಳು ನೇರ ಮೊದಲನೆಯದರ ಮೇಲೆ ಕೂತಿತು.

"ಇಂವನೇ ನೋಡವ್ವ ನಮ್ಮ ಧೂಳ್ಯಾ. ದೊಡ್ಡದ್ ಮಾಡಿಸ್ಕೊಂಡ್ ಬಾ, ಗ್ವಾಡಿಗಿ ಹಾಕ್ತೀನಿ."

"ಖರೇ ಏನ್ರಿ ಅತ್ತಿ?"

"ಸಾಲಿ ಕಲ್ತ ಕಣ್ಣಷ್ಟೇ ಕಣ್ಣೇನು? ನಾ ಅವನ ಮೂಗಿನ ಸುಂಬಳ ಒರಸಿದಾಕಿ."

ಅಲ್ಲಿಗೇ ಲ್ಯಾಪ್‌ಟಾಪ್ ಮುಚ್ಚಿದ್ದರೆ ಗೋಡೆಗೊಂದು ಫೋಟೋ ಬರುತ್ತಿತ್ತು, ಅತ್ತಿಗೊಬ್ಬ ತಮ್ಮ ಸಿಗುತ್ತಿದ್ದ. ಆದರೆ ಕಸುಬಿನ ಚಟ ಬಿಡಲಿಲ್ಲ. ಸಾಲನ್ನು ಅದಲುಬದಲು ಮಾಡಿ ಮತ್ತೊಮ್ಮೆ ಕೇಳುವುದು ನಮ್ಮಲ್ಲಿ ರೂಢಿ. ಅವರು ಚಹಾ ಸೋಸಿಕೊಂಡು ಬರುವಷ್ಟರಲ್ಲಿ ಫೋಟೋಗಳ ಜಾಗ ಬದಲಿಸಿಟ್ಟೆ. ಬೆರಳು ಮತ್ತೆ ಮೊದಲನೆಯದಕ್ಕೇ ಹೋಯಿತು. ಈ ಸಲ ಅಲ್ಲಿದ್ದವನು ಬೇರೆ.

"ಆಗ ತೋರಿಸಿದವ ಇಂವ ಅಲ್ರಿ," ಎಂದೆ.

ಅತ್ತಿ ಬೆರಳು ತೆಗೆಯಲಿಲ್ಲ. "ನೀ ಕಲ್ತಾಕಿ. ಎಲ್ಲಾರ್ಕಿಂತ ಪೈಲಾ ಇಟ್ಟೀದಿ ಅಂದ್ರ ತಿಳ್ದೇ ಇಟ್ಟಿರ್ತಿ ಅನ್ಕೊಂಡಿನಿ."

ನನಗೇನು ತಿಳಿದಿತ್ತು? ಆಗಿನವನನ್ನು ಮೊದಲು ತಂದು ನಿಲ್ಲಿಸಿದ್ದು ಆ ಕೋಟು, ಈಗಿನವನನ್ನು ನನ್ನ ಅದಲುಬದಲು. ಅತ್ತಿ ಸೆರಗಿನಿಂದ ಚಸ್ಮಾ ಒರೆಸಿಕೊಂಡು ಹತ್ತನ್ನೂ ಒಂದೊಂದಾಗಿ ಮುಟ್ಟುತ್ತಾ ಹೋದರು. "ಇಂವಾ? ಮತ್ತ ಇಂವಾ?" ಪ್ರತಿ ಸಲವೂ ಅವರು ನೋಡಿದ್ದು ನನ್ನ ಮುಖವನ್ನು. ಅಲ್ಲಿ ಉತ್ತರವಿದ್ದೀತೆಂಬಂತೆ. ನನಗೆ ಹೆದರಿಕೆಯಾಯಿತು. ಹುಡುಕಿಕೊಡಲು ಹೋಗಿ, ಇದ್ದುದನ್ನೂ ಅಳಿಸಿಬಿಟ್ಟೆನೇ?

ಕೇಳಬಾರದಿತ್ತು, ಕೇಳಿಬಿಟ್ಟೆ. ಈಗಲೂ ಫೋನ್ ಮಾಡಿದಾಗ ಅತ್ತಿ ತೊಗರಿ, ಮಳೆ, ನನ್ನ ಕೆಮ್ಮು ಎಲ್ಲ ಮಾತಾಡುತ್ತಾರೆ. ಅಂದು ಕೇಳಿದ ಇದಕ್ಕೆ ಮಾತ್ರ ಇನ್ನೂ ಉತ್ತರ ಕೊಟ್ಟಿಲ್ಲ:

"ಅತ್ತಿ, ನಾ ಈ ಫೋಟೋ ತರೂ ಮೊದಲ, ಕಣ್ ಮುಚ್ಚಿದ್ರ ಕಾಕಾನ ಮಾರಿ ಕಾಣ್ತಿತ್ತೇನ್ರಿ?"