ರೈಲಿಗೆ ಕೈ ಅಡ್ಡ ಹಾಕುವ ವಿಚಾರ

ನನಗೆ ಕೆಲವು ಪದಗಳ ಮೇಲೆ ಕೋಪವಿದೆ. ಸದ್ಯಕ್ಕೆ ‘ನಿಲ್ದಾಣ’ದ ಮೇಲೆ. ನಿಲ್ಲುವ ತಾಣವೇ ನಿಲ್ದಾಣ ಎಂದು ವ್ಯಾಕರಣ ಬಲ್ಲವರು ಬಿಡಿಸಿ ಹೇಳುತ್ತಾರೆ, ಸರಿ. ಯಾರು ನಿಲ್ಲಬೇಕು ಎಂಬುದನ್ನು ಮಾತ್ರ ಹೇಳುವುದಿಲ್ಲ. ಚಿಂತಾಮಣಿಗೂ ಶಿಡ್ಲಘಟ್ಟಕ್ಕೂ ನಡುವಿನ ನಮ್ಮೂರ ನಿಲ್ದಾಣದಲ್ಲಿ ನಾವು ನಿಲ್ಲುತ್ತೇವೆ, ರೈಲು ನಿಲ್ಲುವುದಿಲ್ಲ.

ಹಿಂದೆ ನಿಲ್ಲುತ್ತಿತ್ತು. ನ್ಯಾರೋಗೇಜಿನ ಪುಟ್ಟ ರೈಲಿನ ಕಾಲದಲ್ಲಿ ಎಮ್ಮೆ ಅಡ್ಡ ಬಂದರೂ ನಿಲ್ಲುತ್ತಿತ್ತು, ಗಾರ್ಡಿಗೆ ಕಡಲೆಕಾಯಿ ತಿನ್ನಬೇಕೆನಿಸಿದರೂ ನಿಲ್ಲುತ್ತಿತ್ತು. ಯಾರಾದರೂ ಕೈ ಅಡ್ಡ ಹಾಕಿಕೊಂಡು ಓಡಿ ಬಂದರೆ ಡ್ರೈವರು ಬೈಯುತ್ತಲೇ ಕಾಯುತ್ತಿದ್ದ. ಹೀಗಾಗಿ ಬಸ್ಸಿನಂತೆ ರೈಲಿಗೂ ಕೈ ಅಡ್ಡ ಹಾಕಬೇಕು ಎಂಬುದು ನಮ್ಮೂರಿನವರ ರಕ್ತಕ್ಕೇ ಇಳಿದಿದೆ. ನಾನೂ ಒಮ್ಮೆ ಬೆಂಗಳೂರಿನಲ್ಲಿ ಎಕ್ಸ್‌ಪ್ರೆಸ್ ರೈಲಿಗೆ ಕೈ ಅಡ್ಡ ಹಾಕಿ ಹೆಂಡತಿಯ ಮುಂದೆ ಮರ್ಯಾದೆ ಕಳೆದುಕೊಂಡಿದ್ದೇನೆ. ರೈಲು ನಿಂತಿತು, ಆ ಮಾತು ಬೇರೆ.

ಹಳಿ ಅಗಲವಾಯಿತು, ದೊಡ್ಡ ರೈಲು ಬಂತು. ಕೆಲವು ಕಾಲ ನಿಂತು, ಆಮೇಲೆ ನಿಲ್ಲುವುದನ್ನು ಬಿಟ್ಟಿತು. ರೈಲ್ವೆಯವರನ್ನು ಕೇಳಿದರೆ ‘ಇಲ್ಲಿ ಹತ್ತುವವರೇ ಇಲ್ಲ’ ಎಂದರು. ಓಡುವ ರೈಲಿಗೆ ಹತ್ತುವುದು ಹೇಗೆಂದು ನಾವು ಕೇಳಿದೆವು. ಉತ್ತರದ ಬದಲು ಸುಣ್ಣಬಣ್ಣ ಬಂತು. ಕಲ್ಲು ಬೆಂಚು ಹಾಕಿದರು, ಊರಿನ ಹೆಸರನ್ನು ಮೂರು ಭಾಷೆಯಲ್ಲಿ ಬರೆಸಿದರು. ಮದುವೆ ಮುರಿದುಬಿದ್ದ ಮೇಲೆ ಚಪ್ಪರ ಹಾಕಿದ ಹಾಗೆ.

ಇದರಲ್ಲಿ ನಿಜವಾಗಿ ಹೊಡೆತ ತಿಂದವರು ನಮ್ಮ ನಾರಾಯಣಮ್ಮತ್ತೆ. ಅತ್ತೆ ಎಂದರೆ ನನ್ನ ತಂದೆಯ ತಂಗಿ. ತೋಟದ ಸೇವಂತಿಗೆಯನ್ನು ಚಿಕ್ಕಬಳ್ಳಾಪುರದ ಹೂವಿನ ಮಾರುಕಟ್ಟೆಗೆ ಒಯ್ದು ಮಾರುವವರು. ರೈಲು ಇದ್ದಾಗ ಮೂಟೆ ಪಕ್ಕಕ್ಕಿಟ್ಟುಕೊಂಡು ರಾಣಿಯಂತೆ ಹೋಗಿಬರುತ್ತಿದ್ದರು. ಈಗ ಎರಡು ಬಸ್ಸು ಬದಲಾಯಿಸಬೇಕು, ಕಂಡಕ್ಟರನ ಬಾಯಿಗೆ ಬೀಳಬೇಕು, ಜನ ಮೂಟೆಯ ಮೇಲೆ ಒರಗುತ್ತಾರೆ. ತಲುಪುವ ಹೊತ್ತಿಗೆ ಹೂ ನಲುಗಿರುತ್ತದೆ, ವ್ಯಾಪಾರ ಮುಗಿದಿರುತ್ತದೆ. ಹೀಗೇ ಆದರೆ ಮುಂದಿನ ಸಲ ಹೂವೇ ಬೇಡ, ತೋಟ ಉತ್ತುಬಿಡುತ್ತೇನೆ ಎಂದು ಅತ್ತೆ ಹೇಳತೊಡಗಿದ್ದರು.

ಮೊನ್ನೆ ಬೆಳಿಗ್ಗೆ ಅವರನ್ನೂ ಮೂಟೆಯನ್ನೂ ಸ್ಕೂಟರಿನಲ್ಲಿ ಬಸ್‌ಸ್ಟ್ಯಾಂಡಿಗೆ ಬಿಡಲು ಹೊರಟೆ. ಅತ್ತೆ ದಾರಿಯಲ್ಲಿ ಬೆನ್ನು ತಟ್ಟಿದರು.

“ಟೇಷನ್ ಕಡೆ ತಿರುಗ್ಸಪ್ಪ. ಇವತ್ತೊಂದ್ ಕಿತ ಕೇಳಿ ನೋಡಣ.”

“ಯಾರನ್ನ ಕೇಳ್ತೀಯತ್ತೆ? ಅಲ್ಲಿ ಯಾರೂ ಇರಲ್ಲ.”

“ರೈಲನ್ನೇ.”

ಪ್ಲಾಟ್‌ಫಾರಂ ಮೇಲೆ ಮೂಟೆಯಿಟ್ಟು, ಸೆರಗು ಸಿಕ್ಕಿಸಿಕೊಂಡು, ರೈಲು ಕಂಡದ್ದೇ ಅತ್ತೆ ಕೈ ಅಡ್ಡ ಹಾಕಿದರು. ಅವರೊಬ್ಬರನ್ನೇ ಬಿಡಲಾಗದೆ ನಾನೂ ಹಾಕಿದೆ. ಡ್ರೈವರು ನಮ್ಮನ್ನು ನೋಡಿದ. ಒಳ್ಳೆಯ ಮನುಷ್ಯನಿರಬೇಕು, ನಕ್ಕು ಕೈ ಬೀಸಿದ. ಅವನನ್ನು ಹಿಂಬಾಲಿಸಿ ಬಂದ ಕಿಟಕಿಗಳಲ್ಲೆಲ್ಲ ಮಕ್ಕಳು, ಮುದುಕರು, ಮೊಬೈಲು ಹಿಡಿದ ಹುಡುಗಿಯರು ಕೈ ಬೀಸಿದರು. ನಾವು ನಿಲ್ಲಿಸು ಎಂದು ಗೋಗರೆದರೆ ಇಡೀ ರೈಲು ನಮಗೆ ಟಾಟಾ ಮಾಡಿಕೊಂಡು ಹೋಯಿತು. ಯಾರಾದರೂ ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಇಷ್ಟು ಪ್ರೀತಿಯಿಂದ ಅವಮಾನ ಮಾಡಿದವರನ್ನು ಏನು ಮಾಡುವುದು? ನನ್ನ ಮೈಯೆಲ್ಲ ಉರಿಯಿತು. ರೈಲಿನ ಬೆನ್ನಿಗೆ ಬಾಯಿಗೆ ಬಂದದ್ದೆಲ್ಲ ಅಂದೆ.

ಅತ್ತೆ ಕಲ್ಲು ಬೆಂಚಿನ ಮೇಲೆ ಕೂತು ಹೂವಿನ ಮೂಟೆಗೆ ನೀರು ಚಿಮುಕಿಸಿದರು.

“ಪೋನೀ ಬಿಡಪ್ಪ, ಯಾಕಂಗೆ ಬೈತೀಯ? ಕೈ ಬೀಸ್ದ ಅಂದ್ರೆ ಹೋಗ್ಬರ್ತೀನಿ ಅಂದಂಗಲ್ವಾ? ಅಂದೋನು ಬರ್ಲೇಬೇಕು. ಸಾಯಂಕಾಲ ಇದೇ ಹಳಿ ಮೇಲೆ ಬರ್ತಾನೆ, ಆವಾಗ ಕೇಳಣ. ಕೂತ್ಕೋ.”

ಸಾಯಂಕಾಲದ ರೈಲು ಹೋಗುವುದು ಚಿಂತಾಮಣಿಯ ಕಡೆಗೆ, ಮಾರುಕಟ್ಟೆಯ ಕಡೆಗಲ್ಲ. ಅದು ಅತ್ತೆಗೂ ಗೊತ್ತು. ನಾನು ಪಕ್ಕದಲ್ಲಿ ಕೂತು ಮೂಟೆಗೆ ನೆರಳು ಮಾಡಿದೆ.